ಮಂಗಳವಾರದ ಅಲೆ

ಅಸೆಂಪಾನೊ
ಘಾನಾ, 17 ಜುಲೈ 2013, ಬುಧವಾರ

ಅಪ್ಪಾ,

ಫೋನು ಮಾಡದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಿ ನೀನು ಕೂಗುತ್ತೀಯ, ನಾನು ಕಟ್ ಮಾಡುತ್ತೇನೆ. ಕಾಗದವಾದರೆ ನೀನು ಕೂಗಬೇಕಾದರೂ ನನ್ನ ಮಾತನ್ನೆಲ್ಲ ಓದಿ ಮುಗಿಸಿಯೇ ಕೂಗಬೇಕು. ಒಣಮೀನಿನ ವ್ಯಾಪಾರಕ್ಕೆ ಗ್ಯಾಂಬಿಯಾಕ್ಕೆ ಹೊರಟಿರುವ ಹೆಂಗಸರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳುತ್ತೇನೆ. ನಾನು ಮಂಗಳವಾರ ಕಡಲಿಗೆ ಇಳಿದೆ. ಒಂದು ಮಂಗಳವಾರವಲ್ಲ, ಏಳು.

ಈ ವರ್ಷ ಜುಲೈ ಬಂದರೂ ಮೀನು ಬರಲಿಲ್ಲ. ಮೂರು ವಾರ ದೋಣಿಗಳು ಹೋಗಿ ಖಾಲಿ ಬಲೆ ಹೊತ್ತು ಬಂದವು. ಮಾನ್ಸಾ ಅತ್ತೆಯ ಹೊಗೆಯೊಲೆಯಲ್ಲಿ ಕೋಳಿ ಮೊಟ್ಟೆಯಿಟ್ಟಿದೆ. ನೆನ್ನೆ ಮಂಗಳವಾರ, ದೋಣಿ ಇಳಿಸದೆ ಗಂಡಸರೆಲ್ಲ ದಂಡೆಯಲ್ಲೇ ಇರುವ ದಿನ, ಕಡಲ ಯಜಮಾನ ಓಟೂ ಡಂಗುರ ಹೊಡೆಸಿ ಊರನ್ನೆಲ್ಲ ತೆಂಗಿನಮರಗಳ ಕೆಳಗೆ ಕೂರಿಸಿದರು.

"ಕಡಲದೇವ್ರು ಬೊಸೊಂಪೊ ಮಲಗೋ ದಿನ, ಮಂಗಳವಾರ, ಯಾರೋ ನೀರಿಗೆ ಹೋಗಿದ್ದಾರೆ. ಅದಕ್ಕೇ ಕಡಲು ಮುಖ ತಿರುಗಿಸ್ಕೊಂಡಿದೆ. ಯಾರು, ಅಂತ ನೀವಾಗಿ ಹೇಳ್ತೀರೋ, ನಾನೇ ಹುಡುಕ್ಲೋ?"

ಹುಡುಕುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರ ಹಿಂದಿನ ಮಂಗಳವಾರ ಫೀಫಿ ಮಾಮನ ದೋಣಿಯ ತಳ ಒದ್ದೆಯಾಗಿದ್ದದ್ದನ್ನು ಯಾರೋ ಕಂಡಿದ್ದರು.

"ತೊಳೆದೆ, ಯಜಮಾನ್ರೇ. ತೊಳೆದ್ರೆ ಒದ್ದೆ ಆಗ್ದೆ ಇನ್ನೇನಾಗತ್ತೆ?" ಎಂದ ಫೀಫಿ ಮಾಮ.

"ಇವ್ನು ಮುಖ ತೊಳೆಯೋದೇ ಕ್ರಿಸ್‌ಮಸ್‌ಗೆ. ದೋಣಿ ತೊಳೆದ್ನಂತೆ!" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಫೀಫಿ ಮಾಮ ಮಾತ್ರ ನಗಲಿಲ್ಲ. ಅವನ ಚುಕ್ಕಾಣಿ ಹುಟ್ಟನ್ನು ಕಿತ್ತುಕೊಳ್ಳಲು ಇಬ್ಬರು ಆಗಲೇ ಎದ್ದಿದ್ದರು.

ನಾನು ಎದ್ದು ನಿಂತೆ. "ಫೀಫಿ ಮಾಮ ಹೋಗಿಲ್ಲ. ಹೋಗಿದ್ದು ನಾನು" ಎಂದೆ.

ಯಾಕೆ ಮಂಗಳವಾರವೇ ಎಂದು ನೀನು ಕೇಳುತ್ತೀಯ. ಬೇರೆ ದಿನ ಹುಡುಗಿಯರಿಗೆ ಬಿಡುವೆಲ್ಲಿದೆ? ದೋಣಿ ಬಂದರೆ ಮೀನು ಹೊರಬೇಕು, ತೊಳೆಯಬೇಕು, ಹೊಗೆ ಹಾಕಬೇಕು. ದೋಣಿ ಹೋಗದ ದಿನ ಒಂದೇ. ನಾನು ವಾರದ ಉಳಿದ ದಿನವೆಲ್ಲ ಬಿಳಿಯ ಒಬ್ರೋನಿಗಳಿಗೆ ಹಲಗೆ ಹಾಕಿ ಅಲೆಯ ಮೇಲೆ ನಿಲ್ಲುವುದನ್ನು ಕಲಿಸುತ್ತೇನೆ. ನಮ್ಮ ದಂಡೆಯ ಅಲೆ ನಿನಗೆ ಗೊತ್ತು. ಬಂಡೆಯಿಲ್ಲ, ಬರೀ ಮರಳು. ದೂರದಲ್ಲೇ ಮುರಿದು, ಸೊಂಟದೆತ್ತರದ ನೊರೆಯಾಗಿ, ಆತುರವಿಲ್ಲದೆ ದಡದವರೆಗೆ ಉರುಳಿ ಬರುತ್ತದೆ. ಬಿದ್ದರೆ ಮೂಗಿಗೆ ನೀರು, ಅಷ್ಟೆ. ಕಲಿಯುವವರಿಗೆ ಇಂಥ ಅಲೆ ಬೇರೆಲ್ಲೂ ಸಿಗುವುದಿಲ್ಲ ಎಂದು ಬಿಳಿಯರು ವಿಮಾನ ಹತ್ತಿ ಬರುತ್ತಾರೆ. ಅದರ ಪಕ್ಕದಲ್ಲೇ ಹುಟ್ಟಿದ ಹುಡುಗಿಯರು ಅದರಲ್ಲಿ ಪಾತ್ರೆ ತೊಳೆಯುತ್ತಾರೆ. ಅದಕ್ಕೇ ಹೊಳೆ ಕಡಲು ಸೇರುವ, ಊರಿಗೆ ಕಾಣದ ಕಡೆಗೆ ಅವರನ್ನು ಕರೆದುಕೊಂಡು ಹೋದೆ. ತಲೆಯ ಮೇಲೆ ಮೀನಿನ ಬೋಗುಣಿ ಹೊತ್ತ ಕುತ್ತಿಗೆಗಳಲ್ಲವೇ, ಒಬ್ರೋನಿಗಳಿಗೆ ಒಂದು ವಾರ ಹಿಡಿಯುವುದು ಇವರಿಗೆ ಒಂದು ಮಧ್ಯಾಹ್ನ ಹಿಡಿಯಿತು.

"ಜೊತೆಗೆ ಯಾರ್ಯಾರಿದ್ರು?" ಎಂದು ಯಜಮಾನರು ಕೇಳಿದರು.

"ಇದ್ರು. ಯಾರು ಅಂತ ನಂಗೊತ್ತು, ಹೇಳಲ್ಲ" ಎಂದೆ.

"ಒಬ್ರೋನಿಗಳೂ ಮಂಗಳವಾರ ಆಡ್ತಾರೆ, ಅವರನ್ನೇನೂ ಕೇಳಲ್ವಾ?" ಎಂದು ನಾನೇ ಕೇಳಿದೆ. ಅವರು ಅತಿಥಿಗಳಂತೆ. ಅವರಿಗೆ ನಮ್ಮ ಕಡಲಿನ ಮನೆಯ ರೀತಿ ಗೊತ್ತಿಲ್ಲವಂತೆ.

ನನ್ನ ಹಲಗೆಯನ್ನು, ಹೋದ ವರ್ಷ ಒಬ್ಬ ಒಬ್ರೋನಿ ಹುಡುಗಿ ಬಿಟ್ಟುಹೋದ ಆ ಮೂಗು ಮುರಿದ ಹಲಗೆಯನ್ನು, ಯಜಮಾನರ ಕೊಟ್ಟಿಗೆಗೆ ಹಾಕಿ ಬೀಗ ಜಡಿದರು. ಋತು ಮುಗಿದು ಕಡಲಿಗೆ ಮದ್ಯ ಎರೆಯುವ ದಿನ, ಸೆಪ್ಟೆಂಬರ್ 24ಕ್ಕೆ, ನಾನು ನೀರಿನಂಚಿನಲ್ಲಿ ನಿಂತು ಎಲ್ಲರೂ ಕೇಳುವ ಹಾಗೆ ಕಡಲಿಗೆ ಒಂದು ಮಾತು ಹೇಳಬೇಕು: "ನಾನು ನಿನಗೆ ಗಾಯ ಮಾಡಿದೆ." ಹೇಳಿದರೆ ಹಲಗೆ ವಾಪಸ್ಸು. ಹೇಳದಿದ್ದರೆ ಹಲಗೆಯನ್ನು ಸುಡುತ್ತಾರೆ. ಆಮೇಲೆ ನಾನು ಯಾವ ವಾರವೂ ಮೊಣಕಾಲಿನ ಮೇಲೆ ನೀರಿಗೆ ಇಳಿಯುವ ಹಾಗಿಲ್ಲ.

ಇಳಿದೆ ಎಂದು ಹೇಳಿದ್ದೇನೆ. ಅದು ನಿಜ. ಗಾಯ ಮಾಡಿದೆ ಎಂದು ಹೇಳುವುದಿಲ್ಲ. ಅದು ಸುಳ್ಳು.

ನಿನ್ನ ಮಗಳು,
ಅರಾಬಾ


ಘಾನಾ ಟೌನ್, ಗ್ಯಾಂಬಿಯಾ
29 ಜುಲೈ

ಮಗಳು ಅರಾಬಾಳಿಗೆ,

ನಾನು ಹೇಳುತ್ತಿದ್ದೇನೆ, ಇಲ್ಲಿಯ ಮೇಷ್ಟ್ರು ಬರೆಯುತ್ತಿದ್ದಾರೆ. ಬೈಗುಳಗಳನ್ನು ತಾವು ಬರೆಯುವುದಿಲ್ಲವೆಂದು ಮೇಷ್ಟ್ರು ಹೇಳಿದ್ದರಿಂದ ಅವನ್ನು ನೀನೇ ಅಲ್ಲಲ್ಲಿ ಸೇರಿಸಿಕೊಂಡು ಓದತಕ್ಕದ್ದು.

ನಾವು ಇಲ್ಲಿ ಕ್ಷೇಮ. ಶಾರ್ಕ್ ಸಿಗುತ್ತಿದೆ. ನನ್ನ ಮೊಣಕೈ ನೋವು ಹಾಗೆಯೇ ಇದೆ.

ನೀನು ಶಾಲೆ ಬಿಟ್ಟೆ, ನಾನು ಏನೂ ಹೇಳಲಿಲ್ಲ. ನೀರಾಟ ಹಿಡಿದೆ, ಆಗಲೂ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಫೀಫಿಯನ್ನು ಉಳಿಸಲು ಎದ್ದು ನಿಂತದ್ದು ಸರಿ. ಇನ್ನು ಆ ಮಾತನ್ನೂ ಹೇಳಿಬಿಡು. ಅದು ಒಂದು ಮಾತು ಮಾತ್ರ. ಉಪ್ಪುನೀರು ಬಾಯಿಗೆ ಹೋದರೆ ಉಗಿಯುವುದಿಲ್ಲವೆ? ಹಾಗೆ ಉಗಿದು ಮನೆಗೆ ಬಾ. ಊರಿನ ಗಂಡಸರೆಲ್ಲ ಒಂದು ಕಡೆ ಕುಳಿತಾಗ ಒಬ್ಬರೇ ಎದುರು ನಿಲ್ಲುವುದು ಏನೆಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತಿದೆ.

ಅತ್ತೆಯ ಮಾತು ಕೇಳು. ಮೆಣಸಿನಪುಡಿ ಯಾರಾದರೂ ಬರುವವರಿದ್ದರೆ ಕಳಿಸು. ಇಲ್ಲಿಯದರಲ್ಲಿ ಖಾರವಿಲ್ಲ.

ಇಂತಿ ನಿನ್ನ ತಂದೆ,
ಕ್ವಾಮೆನಾ
(ಹೆಬ್ಬೆಟ್ಟಲ್ಲ, ಸಹಿ ನಾನೇ ಹಾಕಿದ್ದು)


ಅಸೆಂಪಾನೊ
7 ಆಗಸ್ಟ್

ಅಪ್ಪಾ,

ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ಬೈಗುಳಗಳನ್ನು ಸೇರಿಸಿಕೊಂಡೇ ಓದಿದೆ. ನಿನ್ನವು ನನಗೆ ಬಾಯಿಪಾಠ.

ನಾನು ಶಾಲೆ ಬಿಟ್ಟಾಗ ನೀನು ಏನೂ ಹೇಳಲಿಲ್ಲ ನಿಜ, ಏನೂ ಕೇಳಲೂ ಇಲ್ಲ. ಪರೀಕ್ಷೆಯ ಪ್ರಶ್ನೆಗಳು ಹಿಂದಿನ ದಿನವೇ ಎಲ್ಲರ ಕೈಗೂ ಬಂದಿದ್ದವು. ನನ್ನ ಕೈಗೂ. ನಾನು ಉತ್ತರ ಪತ್ರಿಕೆಯ ಮೇಲೆ ಹಾಗೆಂದೇ ಬರೆದೆ. ಆಮೇಲೆ ತರಗತಿಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಸುಮ್ಮನೆ "ತಪ್ಪು ತಿಳಿದೆ" ಎಂದು ಬರೆದುಕೊಡು ಎಂದರು. ಅದೂ ಒಂದು ಮಾತು ಮಾತ್ರವೇ ಆಗಿತ್ತು. ಕೊಡಲಿಲ್ಲ, ಚೀಲ ತೆಗೆದುಕೊಂಡು ಬಂದೆ.

ಹಲಗೆ ಕಿತ್ತುಕೊಂಡರು, ಕಡಲನ್ನು ಕಿತ್ತುಕೊಳ್ಳಲಿಲ್ಲವಲ್ಲ. ಸೆಪ್ಟೆಂಬರ್ 24ರವರೆಗೆ ನೀರು ನನ್ನದೇ. ಮನೆಯ ಹಿಂದೆ ಮಗುಚಿ ಬಿದ್ದಿರುವ ನಿನ್ನ ಹಳೆಯ ದೋಣಿಯಿಂದ ಒಂದು ಪಟ್ಟಿ ಕಿತ್ತೆ. ಕೋಪ ಮಾಡಿಕೊಳ್ಳಬೇಡ, ಗೆದ್ದಲು ಮುಕ್ಕಾಲು ಪಾಲು ತಿಂದಿತ್ತು, ಗಟ್ಟಿಯಿದ್ದ ಕಾಲು ಪಾಲು ನಾನು ತೆಗೆದುಕೊಂಡೆ. ಮರಳಿನಿಂದ ಉಜ್ಜಿ ಮುಂದಿನ ತುದಿಯನ್ನು ದುಂಡಗೆ ಮಾಡಿದ್ದೇನೆ. ನಿಲ್ಲಲಾಗುವುದಿಲ್ಲ, ಹೊಟ್ಟೆಯ ಮೇಲೆ ಮಲಗಿ ನೊರೆಯ ಜೊತೆ ದಡದವರೆಗೆ ಜಾರಬಹುದು. ಹೊಳೆಯ ಕಡೆಗೂ ಹೋಗುವುದಿಲ್ಲ. ನೆನ್ನೆ ಮಂಗಳವಾರ, ಗಂಡಸರು ಬಲೆ ಹೊಲಿಯುವ ಜಾಗದ ಎದುರಿಗೇ ಇಳಿದೆ. ಏಳು ವಾರ ಬಚ್ಚಿಟ್ಟುಕೊಂಡು ಹೋದದ್ದೊಂದೇ ನನ್ನ ತಪ್ಪು. ಅದನ್ನು ತಿದ್ದಿಕೊಂಡೆ.

ಇನ್ನೊಂದು ವಿಷಯ. ಹಲಗೆ ಹೇಗಿದೆ ನೋಡೋಣವೆಂದು ಯಜಮಾನರ ಕೊಟ್ಟಿಗೆಯ ಸಂದಿನಲ್ಲಿ ಇಣುಕಿದೆ. ಅದರ ಪಕ್ಕದಲ್ಲಿ ಒಂದು ಚುಕ್ಕಾಣಿ ಹುಟ್ಟು ಒರಗಿತ್ತು. ಹಿಡಿಯ ಹತ್ತಿರ ಎರಡು ಮೀನುಗಳು ಒಂದಕ್ಕೊಂದು ಬೆನ್ನು ಹಾಕಿದ ಗುರುತು. ನಮ್ಮ ದೋಣಿಯ ಮೂತಿಯ ಮೇಲಿರುವ ಗುರುತೇ.

ನಿನ್ನ ಹುಟ್ಟು ಅಲ್ಲೇಕಿದೆ, ಅಪ್ಪಾ? ಅತ್ತೆಯನ್ನು ಕೇಳಿದರೆ "ನಿಮ್ಮಪ್ಪನ್ನೇ ಕೇಳು" ಎಂದು ಒಲೆಗೆ ಕಟ್ಟಿಗೆ ತುರುಕಿದಳು. ಒಲೆಯ ಮೇಲೆ ಏನೂ ಇರಲಿಲ್ಲ.

ನೀನು ಬರೆದದ್ದನ್ನು ಮತ್ತೆ ಓದಿದೆ: "ನನಗೆ ಗೊತ್ತಿದೆ." ಏನು ಗೊತ್ತಿದೆ?

ಅರಾಬಾ

ಮೆಣಸಿನಪುಡಿ ಕಳಿಸಿದ್ದೇನೆ.


ಅಸೆಂಪಾನೊ
28 ಆಗಸ್ಟ್

ಅಪ್ಪಾ,

ಮೂರು ವಾರವಾಯಿತು. ಮೆಣಸಿನಪುಡಿ ತಲುಪಿತೆಂದು ತಂದವರು ಫೋನಿನಲ್ಲಿ ಹೇಳಿದರು. ಅಂದರೆ ಕಾಗದವೂ ತಲುಪಿದೆ.

ನಿನ್ನ ಉತ್ತರ ಬರುವವರೆಗೆ ಇಲ್ಲಿಯ ಸುದ್ದಿ. ಮೀನು ಬಂತು. ನಾನು ಆ ಮಾತು ಹೇಳದೆಯೇ ಬಂತು. ನೀರು ತಣ್ಣಗಾಯಿತು, ಮೀನು ಬಂತು ಎಂದು ಅತ್ತೆ ಹೇಳುತ್ತಾಳೆ. ಹಲಗೆ ಒಳಗಿಟ್ಟದ್ದಕ್ಕೆ ಬಂತು ಎಂದು ಯಜಮಾನರು ಹೇಳುತ್ತಾರೆ. ಹಾಗಾದರೆ ನಾನು ನಾಲ್ಕು ಮಂಗಳವಾರ ಪಟ್ಟಿಯ ಮೇಲೆ ಅವರ ಕಣ್ಣೆದುರೇ ಜಾರಿದ್ದನ್ನು ಕಡಲು ನೋಡಲಿಲ್ಲವೆ?

ನೆನ್ನೆ ನಡೆದದ್ದನ್ನು ಕೇಳು. ನಾನು ನೀರಿನಲ್ಲಿದ್ದೆ. ಗಂಡಸರು ಬಲೆ ಹೊಲಿಯುತ್ತಾ ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು. ಒಂದು ಒಳ್ಳೆಯ ಅಲೆ ಬಂತು, ಹತ್ತಿದೆ. ಪಟ್ಟಿಯ ಮೂತಿ ಮುಳುಗಲು ಶುರುವಾಯಿತು. ಆಗ ದಂಡೆಯಿಂದ ಒಂದು ದನಿ:

"ಹಿಂದಕ್ ಜಾರೇ, ಹಿಂದಕ್ಕೆ! ಗಲ್ಲ ಎತ್ತು!"

ಹಿಂದಕ್ಕೆ ಜಾರಿದೆ, ಗಲ್ಲ ಎತ್ತಿದೆ. ಪಟ್ಟಿ ಎದ್ದು ಮರಳಿನವರೆಗೆ ಹೊತ್ತು ತಂದಿತು. ತಿರುಗಿ ನೋಡಿದರೆ ಗಂಡಸರೆಲ್ಲ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಕೂಗಿದ್ದವರು ಮಾತ್ರ ಸೂಜಿ ಎತ್ತಿ ಹಿಡಿದು ಬಾಯಿ ತೆರೆದುಕೊಂಡೇ ಇದ್ದರು. ಯಜಮಾನ ಓಟೂ! ಅವರ ಬಾಯಲ್ಲಿ ಮುಂದಿನ ಅರ್ಧ ಹಲ್ಲು ಇಲ್ಲದಿರುವುದು ನಿನಗೆ ಗೊತ್ತಲ್ಲ.

ಅತ್ತೆಗೆ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಆ ಹಲ್ಲು ಎಲ್ಲಿ ಹೋಯ್ತು ಅನ್ಕೊಂಡಿದ್ದೀಯ? ಮಂಗಳವಾರ, ಪಟ್ಟಿ ಮೂತಿಗೆ ಬಡಿದು ಹೋಯ್ತು. ಅಪ್ಪಂದಿರು ಬಲೇಲಿ ಮುಳುಗಿರ್ತಿದ್ರು, ನಾವೆಲ್ಲ ನೀರಲ್ಲಿ. ನಾನೂ ಇದ್ದೆ. ಓಟೂ ಅಳ್ತಾ ಮರಳಲ್ಲಿ ಹಲ್ಲು ಹುಡುಕ್ತಿದ್ದ."

"ಯಾರೂ ಬೈಲಿಲ್ವಾ?"

"ಮಕ್ಕಳಿಗೆ ಏನು ಬೈಯೋದು? ಬಲೆ ಇಲ್ಲ, ಗಾಳ ಇಲ್ಲ. ಬೊಸೊಂಪೊ ಮಲಗಿದ್ದಾಗ ಮೊಮ್ಮಕ್ಕಳು ಹೊಟ್ಟೆ ಮೇಲೆ ಉರುಳಾಡಿದ ಹಾಗೆ ಅಂತಿದ್ರು."

ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಅವಳು ನಗು ನಿಲ್ಲಿಸಿದಳು. "ಹೇಳಿದ್ರೆ ಏನಾಗತ್ತೆ? ಅವತ್ತು ನಿಮ್ಮಪ್ಪ ಮೂರು ದಿನ ಹೇಳಿದ. ಯಾರು ಕೇಳಿದ್ರು?"

ಏನು ಹೇಳಿದೆ, ಅಪ್ಪಾ? ಅಮ್ಮ ತೀರಿಕೊಂಡಾಗಲೂ ನೀನು ಮೂರೇ ದಿನ ಇದ್ದು ಹೋದೆ. ದಂಡೆಗೆ ಇಳಿಯಲೇ ಇಲ್ಲ. ಆಗ ನಾನು ಚಿಕ್ಕವಳು, ದುಃಖಕ್ಕೆ ಎಂದುಕೊಂಡಿದ್ದೆ.

ಬರೆಯದಿದ್ದರೆ ಬೇಡ. ನಾನಂತೂ ಬರೆಯುತ್ತೇನೆ.

ಅರಾಬಾ


ಘಾನಾ ಟೌನ್
10 ಸೆಪ್ಟೆಂಬರ್, ಮಂಗಳವಾರ

ಅರಾಬಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ಮೇಷ್ಟ್ರಿಗೆ ಹೇಳಲು ಆಗುವುದಿಲ್ಲ. ಐದು ದಿನದಿಂದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ನಿನಗೆ ಏಳು ವರ್ಷ. ಜುಲೈ ತಿಂಗಳು. ಸೋಮವಾರ ರಾತ್ರಿ ದೊಡ್ಡ ನೀರು ಬಂದು ದಂಡೆ ಮೇಲಿನ ದೋಣಿ ಎಳೆದುಕೊಂಡು ಹೋಯಿತು. ನನ್ನ ಹಗ್ಗ ಹಳೆಯದು, ಕಿತ್ತುಹೋಯಿತು. ಮಂಗಳವಾರ ಬೆಳಗ್ಗೆ ಎಲ್ಲರೂ ನೋಡಿದರು, ನನ್ನ ದೋಣಿ ಅಲೆ ಮುರಿಯುವ ಜಾಗದ ಆಚೆ ತೇಲುತ್ತಿದೆ. ಒಳಗೆ ಯಾರೂ ಇಲ್ಲ. ಹೋಗಿ ಮೀನು ಹಿಡಿದು ಈಜಿ ಬಂದಿದ್ದಾನೆ, ದೋಣಿ ತರಲು ಆಗಲಿಲ್ಲ, ಅಂದರು.

ನಾನು ಹೋಗಿರಲಿಲ್ಲ. ನಾನು ಮನೆಯಲ್ಲಿ ಮಲಗಿದ್ದೆ. ನಿನಗೆ ಜ್ವರ ಇತ್ತು.

ಎರಡು ದಿನ ಹೇಳಿದೆ. ಮೂರನೇ ದಿನವೂ ಹೇಳಿದೆ. ಆಮೇಲೆ ಸುಸ್ತಾಯಿತು. ನನ್ನ ದೋಣಿ ಹಿಡಿದಿಟ್ಟಿದ್ದರು. ಋತು ಶುರುವಾಗಿತ್ತು, ಬೇರೆಯವರ ದೋಣಿ ತುಂಬಿ ಬರುತ್ತಿತ್ತು. ನಿನ್ನಮ್ಮ, ಹೇಳಿಬಿಡಿ, ಒಂದು ಮಾತು ತಾನೆ, ಅಂದಳು. ನೀರಿನಂಚಿಗೆ ಹೋಗಿ ಹೇಳಿದೆ. ನಾನು ನಿನಗೆ ಗಾಯ ಮಾಡಿದೆ.

ಹೇಳಿದ ಮೇಲೆ ದೋಣಿ ಬಿಟ್ಟರು. ಹುಟ್ಟು ಮಾತ್ರ ಇಟ್ಟುಕೊಂಡರು. ಹೊಸ ಹುಟ್ಟು ಮಾಡಿಸಿದೆ. ಆದರೆ ದೋಣಿಗೆ ಜನ ಬರಲಿಲ್ಲ. ಕಡಲಿಗೆ ಗಾಯ ಮಾಡಿದವನ ದೋಣಿಯಲ್ಲಿ ಯಾರು ಕೂರುತ್ತಾರೆ? ಅವರದು ತಪ್ಪಲ್ಲ. ನಾನೇ ಹೇಳಿದ್ದೆನಲ್ಲ. ಋತುವಿಗೋಸ್ಕರ ಹೇಳಿದೆ. ಋತು ಬಂತು, ಹೋಯಿತು. ನಾನು ದಂಡೆಯ ಮೇಲೆ ಇದ್ದೆ. ಅದಕ್ಕೆ ಇಲ್ಲಿಗೆ ಬಂದೆ.

ಇಲ್ಲಿ ಮಂಗಳವಾರವೂ ದೋಣಿ ಹೋಗುತ್ತದೆ. ಇಲ್ಲಿಯ ಕಡಲಿಗೆ ಶುಕ್ರವಾರ ರಜ. ನಾನು ಹನ್ನೊಂದು ವರ್ಷದಲ್ಲಿ ಒಂದು ಮಂಗಳವಾರವೂ ಹೋಗಿಲ್ಲ. ಕೂಲಿ ಬೇಡ ಅಂದು ದಡದಲ್ಲಿ ಕೂರುತ್ತೇನೆ. ಜೊತೆಯವರು ನನ್ನನ್ನು ಮಂಗಳವಾರ ಅಂತಲೇ ಕರೆಯುತ್ತಾರೆ. ಈವತ್ತೂ ಕೂತಿದ್ದೇನೆ. ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಮೊದಲನೇ ಕಾಗದ ಮತ್ತೆ ಓದಿದೆ. ಫೀಫಿ ದೋಣಿ ತೊಳೆದ ಕತೆ. ನನ್ನ ಸಲ ಒಬ್ಬರೂ ಎದ್ದು ನಿಲ್ಲಲಿಲ್ಲ. ಫೀಫಿಯೂ ಅಲ್ಲಿದ್ದ.

ನಾನು ಮೊದಲು ಬರೆಸಿದ್ದನ್ನು ಒಲೆಗೆ ಹಾಕು. ಆ ಮಾತು ಹೇಳಬೇಡ. ಹಲಗೆ ಸುಟ್ಟರೆ ಸುಡಲಿ. ನನ್ನ ದೋಣಿಯಲ್ಲಿ ಇನ್ನೂ ಗಟ್ಟಿ ಮರ ಇದ್ದರೆ ಎಲ್ಲ ಕಿತ್ತುಕೋ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದು ಯಜಮಾನರಿಗೆ. ಎಲ್ಲರ ಎದುರಿಗೆ ನೀನೇ ಓದು. ನಿನಗೆ ಭಯ ಇಲ್ಲ. ಅದು ಎಲ್ಲಿಂದ ಬಂತು ನಿನಗೆ ಅಂತ ಯೋಚಿಸುತ್ತೇನೆ.

ಅಪ್ಪ


ಅಸೆಂಪಾನೊ
25 ಸೆಪ್ಟೆಂಬರ್, ಬುಧವಾರ

ಅಪ್ಪಾ,

ಓದಿದೆ. ಎಲ್ಲರ ಎದುರಿಗೆ, ಮದ್ಯ ಎರೆಯುವ ಮೊದಲು. ನೀನು ಬರೆದಿದ್ದಷ್ಟೇ, ಒಂದಕ್ಷರ ಸೇರಿಸಲಿಲ್ಲ: "ಯಜಮಾನರಿಗೆ ಕ್ವಾಮೆನಾ ಹೇಳುವುದು. ಹನ್ನೊಂದು ವರ್ಷದ ಹಿಂದೆ ನಾನು ಕಡಲಿಗೆ ಗಾಯ ಮಾಡಿದೆ ಎಂದು ಹೇಳಿದೆ. ನಾನು ಮಾಡಿರಲಿಲ್ಲ. ಹಗ್ಗ ಹಳೆಯದಾಗಿತ್ತು. ಆ ದಿನ ನಾನು ಬೊಸೊಂಪೊಗೆ ಸುಳ್ಳು ಹೇಳಿದೆ. ನನ್ನ ತಪ್ಪು ಅದೊಂದೇ. ನನ್ನ ಮಾತನ್ನು ನನಗೆ ವಾಪಸ್ಸು ಕೊಡಿ."

ಫೀಫಿ ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಜಮಾನರು ಹಾಳೆಯನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಆಮೇಲೆ ನನ್ನ ಕಡೆ ತಿರುಗಿದರು. "ಅದು ಅವನ ವಿಷಯ. ನೀನು ಹೋಗಿ ನಿನ್ನ ಮಾತು ಹೇಳು."

ಮೊಣಕಾಲುದ್ದ ನೀರಿಗೆ ಹೋಗಿ ನಿಂತೆ. ನಿನಗೆ ಸುಳ್ಳು ಹೇಳುವುದಿಲ್ಲ. ಭಯ ಇತ್ತು. ಹೇಳಿದೆ:

"ನಾನು ಅರಾಬಾ, ಮಂಗಳವಾರ ಹುಟ್ಟಿದವಳು. ನಿನ್ನ ದಿನ ನಿನ್ನ ಹತ್ತಿರ ಬಂದೆ. ಬಲೆ ತರಲಿಲ್ಲ, ಗಾಳ ತರಲಿಲ್ಲ. ಏಳು ವಾರ ಕದ್ದು ಬಂದೆ, ಅದು ತಪ್ಪು. ಇನ್ನು ಕದ್ದು ಬರಲ್ಲ. ನಿನಗೆ ನೋವಾಗಿದ್ರೆ ನೀನೇ ಹೇಳು."

ಒಂದು ಅಲೆ ಬಂತು. ನಮ್ಮ ಯಾವಾಗಲಿನ ಅಲೆಯೇ, ಆತುರವಿಲ್ಲದ್ದು. ಮೊಣಕಾಲು ಸುತ್ತಿ ಹಿಂದಕ್ಕೆ ಹೋಯಿತು. ಇನ್ನೊಂದು ಬಂತು. ಅದೂ ಹಾಗೇ.

"ನಾನು ಹೇಳಿಕೊಟ್ಟ ಮಾತು ಅದಲ್ಲ" ಎಂದರು ಯಜಮಾನರು.

"ಅಲ್ಲ, ಯಜಮಾನ್ರೇ. ಆದ್ರೆ ಇದು ನಿಜ."

"ಇವ್ಳ ನಾಲಿಗೆ ನೋಡು!" ಎಂದು ಯಾರೋ ಅಂದರು. "ಚಿಕ್ಕೋಳು, ಎದುರು ಮಾತಾಡ್ತಾಳೆ."

ಆಗ ಮಾನ್ಸಾ ಅತ್ತೆ ಎದ್ದಳು. ಸೊಂಟದ ಬಟ್ಟೆ ಬಿಗಿದು ಕಟ್ಟಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಓಟೂ, ನಿನ್ ಹಲ್ಲಿನ ಕತೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಎಂದಳು.

ಮೊದಲು ಮುದುಕರು ನಕ್ಕರು. ಅವರೆಲ್ಲ ಅಲ್ಲಿದ್ದವರೇ ಅಲ್ಲವೆ? ಯಜಮಾನರು ಕೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಬಾಯಿ ಮುಚ್ಚಿಕೊಂಡದ್ದೇ ತಪ್ಪಾಯಿತೆಂದು ತಿಳಿದು ಕೈ ಕೆಳಗಿಳಿಸಿದರು. ನೇರ ಕೊಟ್ಟಿಗೆಗೆ ಹೋದರು. ಬೀಗ ತೆಗೆಯುವ ಸದ್ದು ಕೇಳಿಸಿತು. ಹಲಗೆಯನ್ನು ಸುಡಲು ತರುತ್ತಾರೆಂದುಕೊಂಡೆ.

ಅವರು ತಂದದ್ದು ನಿನ್ನ ಹುಟ್ಟು. ಹೆಗಲ ಮೇಲೆ ಹೊತ್ತು ತಂದು ನನ್ನ ಕೈಗೆ ಕೊಟ್ಟರು. ಭಾರವಿತ್ತು, ಒಂದು ಹೆಜ್ಜೆ ಹಿಂದಕ್ಕೆ ಹೋದೆ.

"ಅವ್ನು ಮೂರು ದಿನ ಹೇಳ್ದ. ನಾನು ಕೇಳ್ಲಿಲ್ಲ. ಹೇಳು ಅವ್ನಿಗೆ" ಎಂದರು. ಅಷ್ಟೇ.

"ನನ್ನ ಹಲಗೆ?"

"ಸುಡೋದು ಬಿಡೋದು ನನ್ನಿಷ್ಟ. ಯೋಚ್ನೆ ಮಾಡ್ತೀನಿ."

"ಮಂಗಳವಾರ?"

ಅವರು ಮದ್ಯದ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು.

ಮದ್ಯ ಎರೆದು ಮುಗಿದ ಮೇಲೆ ಎಕುವಾ ಮೊದಲು ನೀರಿಗೆ ಓಡಿದಳು. ನಾನು ಯಾರ ಹೆಸರನ್ನು ಹೇಳಿರಲಿಲ್ಲವೋ ಅವಳು, ಅತ್ತೆಯ ಮಗಳು. ಅವಳ ಕಂಕುಳಲ್ಲಿ ನಿನ್ನ ದೋಣಿಯ ಇನ್ನೊಂದು ಪಟ್ಟಿ. ಅವಳ ಹಿಂದೆ ನಾಲ್ವರು. ಗಂಡಸರು ಬಲೆ ಕೈಗೆತ್ತಿಕೊಂಡು, ಬಲೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಾ ಕುಳಿತರು. ಯಾರೂ ತಡೆಯಲಿಲ್ಲ. ಯಾರೂ ಸರಿ ಎಂದೂ ಹೇಳಲಿಲ್ಲ. ಎಕುವಾಳ ಪಟ್ಟಿಯ ಮೂತಿ ಮುಳುಗಿದಾಗ ಮಾತ್ರ ಮೂವರು ಗಂಡಸರು ಒಟ್ಟಿಗೆ "ಹಿಂದಕ್ ಜಾರೇ!" ಎಂದು ಕೂಗಿದರು.

ಈವತ್ತು ಬೆಳಗ್ಗೆ ಕೊಟ್ಟಿಗೆಯ ಮುಂದೆ ಹಾದುಹೋದೆ. ಬೀಗ ಹಾಕಿಲ್ಲ. ಬಾಗಿಲು ಒಂದು ಗೇಣು ತೆರೆದಿದೆ, ಹಲಗೆ ಕಾಣುತ್ತದೆ. ಕೈ ಹಾಕಿದರೆ ಸಿಗುತ್ತದೆ. ನಾನು ತೆಗೆದುಕೊಳ್ಳಲಿಲ್ಲ. ಬೀಗ ಮರೆತು ಬಿಟ್ಟವರ ಹಾಗೆ ಅವರು ನಟಿಸಿದರೆ, ಕದ್ದವಳ ಹಾಗೆ ನಾನು ಹೊತ್ತು ತರಬೇಕೆ? ಹಗಲಲ್ಲಿ, ಎಲ್ಲರ ಎದುರು, ಅವರ ಕೈಯಿಂದಲೇ ನನ್ನ ಕೈಗೆ ಬರಬೇಕು. ಅಲ್ಲಿಯವರೆಗೆ ನನಗೆ ಪಟ್ಟಿ ಸಾಕು.

ನಿನ್ನ ಹುಟ್ಟು ಬಾಗಿಲ ಪಕ್ಕದಲ್ಲಿ ಒರಗಿದೆ. ಹನ್ನೊಂದು ವರ್ಷ ಒಣಗಿ ಹಿಡಿಯ ಹತ್ತಿರ ಸೀಳಿದೆ, ಎಣ್ಣೆ ಕುಡಿಸಬೇಕು ಎಂದು ಅತ್ತೆ ಹೇಳಿದಳು. ಫೀಫಿ ಮಾಮ ಸಂಜೆ ಎಣ್ಣೆಯ ಡಬ್ಬಿ ತಂದು, ತಾನು ಹಚ್ಚಲೇ ಎಂದು ಹೊಸ್ತಿಲಾಚೆ ನಿಂತು ಕೇಳಿದ. ಬೇಡ, ಅಪ್ಪ ಬಂದು ಹಚ್ಚುತ್ತಾನೆ ಎಂದೆ. ಡಬ್ಬಿ ಮಾತ್ರ ಇಟ್ಟು ಹೋದ.

ನೀನು ಬರುತ್ತೀಯೆಂದು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ. ನನ್ನನ್ನು ಸುಳ್ಳಿ ಮಾಡಬೇಡ.

ಅರಾಬಾ